ವಿರಳ ರೋಗಗಳು ಮತ್ತು ಸಮಾಜದ ಹೊಣೆ

ಆಡಳಿತದ ಕಡತಗಳಲ್ಲಿ ರೋಗಗಳಿಗೆ ಎರಡು ವರ್ಗಗಳುಂಟು. ಲಕ್ಷಾಂತರ ಜನರನ್ನು ಪೀಡಿಸುವ ರೋಗಗಳದು ಒಂದು ವರ್ಗ. ಅವುಗಳಿಗೆ ಆಸ್ಪತ್ರೆಗಳಲ್ಲಿ ಪ್ರತ್ಯೇಕ ವಿಭಾಗ, ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆ, ವರ್ಷಕ್ಕೊಮ್ಮೆ ದಿನಾಚರಣೆ ಎಲ್ಲವೂ ಇರುತ್ತವೆ. ಎಲ್ಲೋ ಒಂದೆರಡು ಜಿಲ್ಲೆಗಳಲ್ಲಿ, ಕೆಲವೇ ಕುಟುಂಬಗಳಲ್ಲಿ ಕಾಣಿಸಿಕೊಳ್ಳುವ ರೋಗಗಳದು ಇನ್ನೊಂದು ವರ್ಗ. ಅವು ಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂಬ ಒಂದೇ ಅಂಕಣದೊಳಗೆ ಅಡಗಿಬಿಡುತ್ತವೆ. ಲೆಕ್ಕವಿಡುವವನಿಗೆ ಇದು ಅನುಕೂಲವೇ ಸರಿ. ಆದರೆ ರೋಗಿಗೆ ತನ್ನ ರೋಗ ವಿರಳವೆಂಬುದರಿಂದ ಯಾವ ಸಮಾಧಾನವೂ ದೊರೆಯದು. ಅವನ ಪಾಲಿಗೆ ಅದು ನೂರಕ್ಕೆ ನೂರು.

ವಿರಳವೆಂಬುದು ರೋಗದ ಸ್ವಭಾವವಲ್ಲ; ಅದು ದೇಶ ಕಾಲಗಳನ್ನು ಅವಲಂಬಿಸಿದ ಮಾತು. ಒಂದು ಸೀಮೆಯಲ್ಲಿ ಹಳ್ಳಿಯ ಮುದುಕಿಯೂ ಹೆಸರಿಟ್ಟು ಹೇಳಬಲ್ಲ ಕಾಯಿಲೆಯನ್ನು ಇನ್ನೊಂದು ಸೀಮೆಯ ನುರಿತ ವೈದ್ಯನು ಪುಸ್ತಕದಲ್ಲಿ ಮಾತ್ರ ಕಂಡಿರುತ್ತಾನೆ. ಒಂದು ತಲೆಮಾರಿನಲ್ಲಿ ಊರುಗಳನ್ನೇ ಬರಿದು ಮಾಡಿದ ರೋಗ ಮುಂದಿನ ತಲೆಮಾರಿಗೆ ಅಪರಿಚಿತವಾಗುತ್ತದೆ. ಹುಟ್ಟಿದ ನಾಡನ್ನು ಬಿಟ್ಟು ದೂರದ ಮಹಾನಗರದಲ್ಲಿ ನೆಲೆಸಿ, ವರ್ಷಕ್ಕೊಮ್ಮೆ ತವರಿಗೆ ಹೋಗಿ ಬರುವ ಜನರಿಗೆ ಈ ಸತ್ಯ ಉಳಿದವರಿಗಿಂತ ಹೆಚ್ಚು ಅನ್ವಯಿಸುತ್ತದೆ. ರೋಗ ವಿರಳವಾದಷ್ಟೂ ಅದನ್ನು ಗುರುತಿಸುವ ವಿದ್ಯೆ ಹೆಚ್ಚು ಎಚ್ಚರವಾಗಿರಬೇಕು. ಆ ಎಚ್ಚರವನ್ನು ಉಳಿಸಿಕೊಳ್ಳುವ ವೆಚ್ಚ ಇಡೀ ಸಮಾಜದ್ದಾಗಬೇಕು. ಈ ಮಾತಿಗೆ ಕೋಲ್ಕತ್ತ ನಗರದ ವೈದ್ಯಕೀಯ ಇತಿಹಾಸಕ್ಕಿಂತ ಉತ್ತಮವಾದ ಸಾಕ್ಷ್ಯ ಬೇರೊಂದಿಲ್ಲ.

ಡಂಡಂ ಜ್ವರದ ಕಥೆ

ಇಂದು ಕೋಲ್ಕತ್ತಕ್ಕೆ ವಿಮಾನದಲ್ಲಿ ಬಂದಿಳಿಯುವವರಿಗೆಲ್ಲ ಡಂಡಂ ಎಂಬ ಹೆಸರು ಪರಿಚಿತ. ನೂರಿಪ್ಪತ್ತು ವರ್ಷಗಳ ಹಿಂದೆ ಆ ಹೆಸರು ಒಂದು ಮಾರಕ ಜ್ವರಕ್ಕೆ ಅಂಟಿಕೊಂಡಿತ್ತು. ತಿಂಗಳುಗಟ್ಟಲೆ ಬಿಡದ ಜ್ವರ, ಹೊಟ್ಟೆಯ ಎಡಭಾಗದಲ್ಲಿ ಕಲ್ಲಿನಂತೆ ಬೆಳೆಯುವ ಗುಲ್ಮ, ಕ್ಷೀಣಿಸುವ ದೇಹ, ಕಪ್ಪಾಗುವ ಚರ್ಮ, ಕೊನೆಗೆ ಸಾವು: ಇವು ಅದರ ಲಕ್ಷಣಗಳು. ಬಂಗಾಳ ಮತ್ತು ಅಸ್ಸಾಮಿನ ಜನರು ಇದನ್ನು ಕಾಲಾ ಆಜಾರ್, ಎಂದರೆ ಕರಿ ಕಾಯಿಲೆ, ಎಂದು ಕರೆದರು. ಚಿಕಿತ್ಸೆಯಿಲ್ಲದಿದ್ದರೆ ಬದುಕಿ ಉಳಿದವರು ಅಪರೂಪ.

ಈ ರೋಗದ ಮೂಲವನ್ನು ಹುಡುಕುವಲ್ಲಿ ಮಹಾ ಮಹಾ ವಿದ್ವಾಂಸರೂ ದಾರಿ ತಪ್ಪಿದರು. 1890ರ ಸುಮಾರಿಗೆ ಅಸ್ಸಾಮಿನಲ್ಲಿ ಪರೀಕ್ಷೆ ನಡೆಸಿದ ಗೈಲ್ಸ್ ಎಂಬ ವೈದ್ಯರು ಇದಕ್ಕೆ ಕೊಕ್ಕೆಹುಳುವೇ ಕಾರಣವೆಂದರು. ಕೆಲವು ವರ್ಷಗಳ ತರುವಾಯ ಲಿಯೊನಾರ್ಡ್ ರೋಜರ್ಸ್ ಇದು ಮಲೇರಿಯಾದ ಉಗ್ರರೂಪವೆಂದರು. ಮಲೇರಿಯಾ ಹರಡುವ ಬಗೆಯನ್ನು 1898ರಲ್ಲಿ ಕಲ್ಕತ್ತೆಯಲ್ಲಿಯೇ ಸಾಧಿಸಿ ತೋರಿಸಿದ ರೊನಾಲ್ಡ್ ರಾಸ್ ಕೂಡ ಅದೇ ಅಭಿಪ್ರಾಯಕ್ಕೆ ಬಂದರು. ಪರಿಚಿತವಾದ ರೋಗದ ನೆರಳಿನಲ್ಲಿ ಅಪರಿಚಿತವಾದುದು ಮರೆಯಾಗುವುದು ಹೀಗೆ.

ಸತ್ಯ ಹೊರಬಿದ್ದುದು ಶವಪರೀಕ್ಷೆಯ ಮೇಜಿನ ಮೇಲೆ. ಡಂಡಂ ಪಾಳೆಯದಲ್ಲಿದ್ದು ಇಂಗ್ಲೆಂಡಿಗೆ ಮರಳಿದ ಸೈನಿಕನೊಬ್ಬನು 1900ರಲ್ಲಿ ನೆಟ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡನು. ಅವನ ಗುಲ್ಮದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವಿಲಿಯಂ ಲೀಶ್‌ಮನ್‌ರಿಗೆ ವಿಚಿತ್ರವಾದ ಸಣ್ಣ ಕಾಯಗಳು ಕಂಡವು. 1903ರಲ್ಲಿ ಅವರು ಅದನ್ನು ಪ್ರಕಟಿಸಿದರು. ಅದೇ ವರ್ಷ ಮದರಾಸಿನಲ್ಲಿ ಚಾರ್ಲ್ಸ್ ಡೋನೋವನ್ ತಮ್ಮ ರೋಗಿಗಳ ಗುಲ್ಮದಲ್ಲಿಯೂ ಅವನ್ನೇ ಕಂಡರು. ಇಬ್ಬರ ಹೆಸರನ್ನೂ ಕೂಡಿಸಿ ಆ ಜೀವಿಗೆ ‘ಲೀಶ್ಮೇನಿಯಾ ಡೋನೋವನಿ’ ಎಂಬ ನಾಮಕರಣವಾಯಿತು. ಒಬ್ಬ ಸತ್ತ ಸೈನಿಕನ ದೇಹದಿಂದ ದೊರೆತ ಈ ಅರಿವು ಮುಂದೆ ಲಕ್ಷಾಂತರ ಜೀವಗಳಿಗೆ ಆಧಾರವಾಯಿತು.

ಕ್ಯಾಂಪ್‌ಬೆಲ್ ಆಸ್ಪತ್ರೆಯ ಲಾಟೀನು

ಕಾರಣ ತಿಳಿದ ಮಾತ್ರಕ್ಕೆ ಮದ್ದು ಸಿಗಲಿಲ್ಲ. ಆಂಟಿಮೊನಿ ಎಂಬ ಲೋಹದ ಲವಣವೊಂದನ್ನು, ವಾಂತಿಗೆ ಬಳಸುತ್ತಿದ್ದ ಟಾರ್ಟರ್ ಎಮೆಟಿಕ್ಕನ್ನು, 1915ರ ವೇಳೆಗೆ ರಕ್ತನಾಳದ ಮೂಲಕ ಕೊಡುವ ಕ್ರಮ ಬಂತು. ಅದರಿಂದ ಗುಣ ಕಂಡರೂ ಎರಡು ಮೂರು ತಿಂಗಳ ಕಾಲ ಸೂಜಿ ಚುಚ್ಚಿಸಿಕೊಳ್ಳಬೇಕಾಗಿತ್ತು. ಔಷಧಿಯೇ ವಿಷಪ್ರಾಯವಾಗಿ ಹೃದಯಕ್ಕೆ ಕೇಡು ತರುವ ಸಂಭವವೂ ಇತ್ತು.

ಈ ಸಮಸ್ಯೆಗೆ ಕೈಯಿಟ್ಟವರು ಡಾಕ್ಟರ್ ಉಪೇಂದ್ರನಾಥ ಬ್ರಹ್ಮಚಾರಿ. 1873ರಲ್ಲಿ ಬಿಹಾರದ ಜಮಾಲ್ಪುರದಲ್ಲಿ ಜನಿಸಿದ ಇವರು ಮೊದಲು ಗಣಿತ ಹಾಗೂ ರಸಾಯನಶಾಸ್ತ್ರಗಳನ್ನು ಅಭ್ಯಸಿಸಿ ಆಮೇಲೆ ವೈದ್ಯರಾದವರು. 1905ರಿಂದ ಸಿಯಾಲ್ದಾದ ಕ್ಯಾಂಪ್‌ಬೆಲ್ ವೈದ್ಯಶಾಲೆಯಲ್ಲಿ, ಇಂದಿನ ನೀಲರತನ ಸರ್ಕಾರ್ ವೈದ್ಯಕೀಯ ಕಾಲೇಜಿನಲ್ಲಿ, ಅಧ್ಯಾಪಕರಾಗಿದ್ದರು. ಹಗಲೆಲ್ಲ ರೋಗಿಗಳ ನಡುವೆ ದುಡಿದು, ರಾತ್ರಿ ಸಣ್ಣದೊಂದು ಕೋಣೆಯಲ್ಲಿ ಪ್ರಯೋಗಕ್ಕೆ ಕೂರುತ್ತಿದ್ದರು. ಆ ಕೋಣೆಗೆ ಅನಿಲವಿರಲಿಲ್ಲ, ನಲ್ಲಿಯ ನೀರಿರಲಿಲ್ಲ, ವಿದ್ಯುದ್ದೀಪವೂ ಇರಲಿಲ್ಲ. ಹೊಗೆಯಾಡುವ ಒಂದು ಲಾಟೀನೇ ಬೆಳಕು. ಅಲ್ಲಿ 1920ರ ಹೊತ್ತಿಗೆ ಆಂಟಿಮೊನಿಯ ಸಾವಯವ ಸಂಯುಕ್ತವೊಂದನ್ನು ಯೂರಿಯಾದೊಡನೆ ಕೂಡಿಸಿ ‘ಯೂರಿಯಾ ಸ್ಟಿಬಮೈನ್’ ಎಂಬ ಔಷಧಿಯನ್ನು ಸಿದ್ಧಪಡಿಸಿದರು. 1922ರಲ್ಲಿ ಎಂಟು ರೋಗಿಗಳ ಚಿಕಿತ್ಸೆಯ ವಿವರವನ್ನು ಪ್ರಕಟಿಸಿದರು. ಕೇವಲ ಎಂಟು ರೋಗಿಗಳು! ಆದರೆ ಪ್ರತಿಯೊಬ್ಬರ ಜ್ವರ, ಗುಲ್ಮ, ರಕ್ತಗಳ ಲೆಕ್ಕವನ್ನೂ ಶ್ರದ್ಧೆಯಿಂದ ಇಟ್ಟಿದ್ದರಿಂದ ಆ ಎಂಟೇ ಸಾಕಾದುವು. ತಿಂಗಳುಗಳ ಚಿಕಿತ್ಸೆ ವಾರಗಳಿಗೆ ಇಳಿಯಿತು. ಅಸ್ಸಾಮಿನ ಹಳ್ಳಿಯ ಔಷಧಾಲಯಗಳವರೆಗೂ ಈ ಮದ್ದು ತಲುಪಿ ಅಸಂಖ್ಯಾತ ಜೀವಗಳು ಉಳಿದುವು.

ಬ್ರಹ್ಮಚಾರಿಯವರಿಗೆ 1934ರಲ್ಲಿ ಸರ್ ಪದವಿ ಬಂತು. ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಗಿತ್ತಾದರೂ ಆ ಗೌರವ ದೊರೆಯಲಿಲ್ಲ. 1946ರಲ್ಲಿ ಅವರು ಕಾಲವಾದರು.

ಗುಣವಾದ ಮೇಲೂ ಉಳಿಯುವ ರೋಗ

ಬ್ರಹ್ಮಚಾರಿಯವರ ಇನ್ನೊಂದು ಕಾಣಿಕೆ ಅಷ್ಟಾಗಿ ಪ್ರಸಿದ್ಧವಲ್ಲ. ಅದೇ 1922ರಲ್ಲಿ, ಕಾಲಾ ಆಜಾರಿನಿಂದ ಗುಣಹೊಂದಿದ ಕೆಲವರ ಚರ್ಮದ ಮೇಲೆ ಏಳುವ ಮಚ್ಚೆ ಹಾಗೂ ಗಂಟುಗಳನ್ನು ಅವರು ಗಮನಿಸಿದರು. ಆ ಗಂಟುಗಳೊಳಗೆ ಅದೇ ರೋಗಾಣುಗಳು ಜೀವಂತವಾಗಿದ್ದುವು. ಜ್ವರವಿಲ್ಲ, ನೋವಿಲ್ಲ, ದುಡಿಮೆಗೆ ಅಡ್ಡಿಯಿಲ್ಲ. ಆದ್ದರಿಂದ ರೋಗಿ ವೈದ್ಯನ ಬಳಿಗೆ ಹೋಗುವುದಿಲ್ಲ. ಹೋದರೂ ತೊನ್ನು ಅಥವಾ ಕುಷ್ಠವೆಂದು ಭಾವಿಸುವುದುಂಟು. ಸ್ಪರ್ಶಜ್ಞಾನ ನಷ್ಟವಾಗದಿರುವುದು ಕುಷ್ಠದಿಂದ ಇದನ್ನು ಬೇರ್ಪಡಿಸುವ ಒಂದು ಗುರುತು. ಮರಳುನೊಣವು ಇಂಥವನನ್ನು ಕಚ್ಚಿ ಇನ್ನೊಬ್ಬನನ್ನು ಕಚ್ಚಿದರೆ ರೋಗ ಮತ್ತೆ ಹೊಸ ಪ್ರಯಾಣ ಹೊರಡುತ್ತದೆ.

ನೂರು ವರ್ಷಗಳ ಹಿಂದಿನ ಆ ಸಣ್ಣ ಟಿಪ್ಪಣಿಯ ಬೆಲೆ ಇಂದು ತಿಳಿಯುತ್ತಿದೆ. ಮಲೇರಿಯಾ ನಿರ್ಮೂಲನಕ್ಕಾಗಿ 1950ರ ದಶಕದಿಂದ ಮನೆಮನೆಗೆ ಡಿ.ಡಿ.ಟಿ. ಸಿಂಪಡಿಸಿದಾಗ ಮರಳುನೊಣಗಳೂ ಸತ್ತು ಕಾಲಾ ಆಜಾರ್ ಬಹುಮಟ್ಟಿಗೆ ಮರೆಯಾಯಿತು. ರೋಗ ಮುಗಿಯಿತೆಂದು ಜನ ಮರೆತರು, ವೈದ್ಯರೂ ಮರೆತರು. 1970ರ ದಶಕದಲ್ಲಿ ಅದು ಬಿಹಾರದಲ್ಲಿ ಮರುಕಳಿಸಿತು. 1992ರಲ್ಲಿ ದೇಶದಲ್ಲಿ 77,102 ರೋಗಿಗಳೂ 1,419 ಸಾವುಗಳೂ ದಾಖಲಾದುವು. ಅಷ್ಟರಲ್ಲಿ ಹಳೆಯ ಆಂಟಿಮೊನಿ ಔಷಧಿಗಳಿಗೆ ರೋಗಾಣುಗಳು ಬಗ್ಗದಂತಾಗಿದ್ದುವು. ಮತ್ತೆ ಹೊಸ ಮದ್ದುಗಳನ್ನು ಹುಡುಕಬೇಕಾಯಿತು. ಈಗ ಕಾಲಾ ಆಜಾರಿಗೆ ಲೈಪೋಸೋಮಲ್ ಆಂಫೊಟೆರಿಸಿನ್ ಎಂಬ ಔಷಧಿಯ ಒಂದೇ ಸರದಿ ಸಾಕಾಗುತ್ತದೆ. ಚರ್ಮದ ರೂಪಕ್ಕೆ ಮಿಲ್ಟೆಫೊಸಿನ್ ಗುಳಿಗೆಯನ್ನು ಹನ್ನೆರಡು ವಾರ ನುಂಗಬೇಕಾಗುತ್ತದೆ.

2023ರಲ್ಲಿ ಇಡೀ ದೇಶದ ಹೊಸ ರೋಗಿಗಳ ಸಂಖ್ಯೆ ಆರುನೂರಕ್ಕಿಂತ ಕೆಳಗಿಳಿಯಿತು. ಸಂತೋಷದ ಸಂಗತಿ, ಆದರೆ ಎಚ್ಚರ ತಪ್ಪುವ ಕಾಲವೂ ಇದೇ. ಈಗ ತರಬೇತಿ ಪಡೆಯುತ್ತಿರುವ ಯುವ ವೈದ್ಯನು ತನ್ನ ಕಲಿಕೆಯ ಅವಧಿಯಲ್ಲಿ ಇಂಥ ರೋಗಿಯನ್ನು ಒಮ್ಮೆಯೂ ಕಾಣದಿರಬಹುದು. ಕೊನೆಯ ಕೆಲವು ನೂರು ರೋಗಿಗಳನ್ನು ಗುರುತಿಸುವ ಕಣ್ಣು ಮಂಜಾದರೆ ಹಿಂದಿನ ಎಪ್ಪತ್ತು ವರ್ಷಗಳ ಶ್ರಮವೆಲ್ಲ ವ್ಯರ್ಥವಾದೀತು.

ಸಾಸಿವೆ ಎಣ್ಣೆ ಕಲಿಸಿದ ಪಾಠ

ಅಪರೂಪದ ರೋಗವೊಂದರ ಅಧ್ಯಯನ ಆರೋಗ್ಯವಂತರಿಗೂ ಉಪಕಾರ ಮಾಡುವುದಕ್ಕೆ ಕಲ್ಕತ್ತೆಯದೇ ಇನ್ನೊಂದು ಉದಾಹರಣೆಯುಂಟು. 1877ರಲ್ಲಿ ಈ ನಗರದಲ್ಲಿ ಕಾಲುಗಳು ಊದಿಕೊಂಡು, ಉಸಿರಾಟ ಕಷ್ಟವಾಗಿ, ಹೃದಯ ಸೋತು ಸಾಯುವ ವಿಚಿತ್ರ ಪಿಡುಗು ಕಾಣಿಸಿಕೊಂಡಿತು. ಒಂದೇ ಮನೆಯಲ್ಲಿ ಊಟ ಮಾಡುವವರೆಲ್ಲ ಒಟ್ಟಿಗೆ ಕಾಯಿಲೆ ಬೀಳುತ್ತಿದ್ದರು. ದೀರ್ಘಕಾಲ ಇದನ್ನು ಬೆರಿಬೆರಿ ರೋಗದೊಡನೆ ಗೊಂದಲ ಮಾಡಿಕೊಂಡು ಅಕ್ಕಿಯ ಮೇಲೆ ಅಪವಾದ ಹೊರಿಸಲಾಯಿತು. 1926ರಲ್ಲಿ ಸರ್ಕಾರ್ ಎಂಬ ವೈದ್ಯರು ಸಾಸಿವೆ ಎಣ್ಣೆಯ ಕಲಬೆರಕೆಯತ್ತ ಬೆರಳು ತೋರಿಸಿದರು. 1937ರಲ್ಲಿ ಲಾಲ್ ಮತ್ತು ರಾಯ್ ಎಂಬ ಸಂಶೋಧಕರು ಅದನ್ನು ಪ್ರಯೋಗದಿಂದ ಸಮರ್ಥಿಸಿದರು. ಹಳದಿ ಹೂವಿನ ಮುಳ್ಳುಗಿಡವಾದ ಅರಿಶಿನ ಉಮ್ಮತ್ತದ ಬೀಜ ನೋಟಕ್ಕೆ ಸಾಸಿವೆಯಂತೆಯೇ ಇರುತ್ತದೆ; ಅದರ ಎಣ್ಣೆ ಬೆರೆತದ್ದೇ ಅನರ್ಥಕ್ಕೆ ಮೂಲ.

ಕರ್ನಾಟಕದಿಂದ ಬಂದು ಸಾಸಿವೆ ಎಣ್ಣೆಯ ವಾಸನೆಗೆ ಮೂಗು ಮುರಿಯುತ್ತಿದ್ದ ಎಷ್ಟೋ ಕುಟುಂಬಗಳು ಇಂದು ಅದರಲ್ಲೇ ಮೀನನ್ನೂ ಬದನೆಯನ್ನೂ ಹುರಿಯುತ್ತವೆ. ಆ ಎಣ್ಣೆ ನಿರ್ಭಯವಾಗಿ ಅಡುಗೆಮನೆಗೆ ಬರುತ್ತಿರುವುದಕ್ಕೆ ಆ ಸಂಶೋಧಕರ ಋಣವಿದೆ. 1998ರಲ್ಲಿ ದೆಹಲಿಯಲ್ಲಿ ಇದೇ ರೋಗ ಮರಳಿ ಬಂದು ಅರವತ್ತಕ್ಕೂ ಹೆಚ್ಚು ಜನ ಸತ್ತಾಗ, ಹಳೆಯ ಕಲ್ಕತ್ತೆಯ ಅರಿವೇ ಅಪರಾಧಿಯತ್ತ ದಾರಿ ತೋರಿಸಿತು.

ಮಲೆನಾಡಿನ ಎರಡು ಕಾಯಿಲೆಗಳು

ಬಂಗಾಳಕ್ಕೆ ಕಾಲಾ ಆಜಾರ್ ಇದ್ದಂತೆ ಕನ್ನಡನಾಡಿಗೂ ತನ್ನದೇ ಆದ ಕಾಯಿಲೆಗಳುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದುವು. ಕಾಡಿಗೆ ಸೌದೆ ಸೊಪ್ಪಿಗೆಂದು ಹೋದವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಬಂದು ಹೊಸ ವೈರಾಣುವೊಂದನ್ನು ಬೇರ್ಪಡಿಸಿದರು. ಉಣುಗುಗಳ ಕಡಿತದಿಂದ ಅದು ಮನುಷ್ಯನಿಗೆ ಅಂಟುವುದೆಂದು ತಿಳಿದುಬಂತು. ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರು ಎಂಬ ಪುಟ್ಟ ಊರಿನ ಹೆಸರು ಸೇರಿತು; ಊರವರು ಮಾತ್ರ ಅದನ್ನು ಮಂಗನ ಕಾಯಿಲೆ ಎಂದೇ ಕರೆಯುತ್ತಾರೆ. ಅದಕ್ಕೆ ನೇರವಾದ ಮದ್ದು ಇಂದಿಗೂ ಇಲ್ಲ. 1990ರಿಂದ ಬಳಕೆಯಲ್ಲಿದ್ದ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಹೊಸ ಲಸಿಕೆಗೆ ಯತ್ನ ನಡೆದಿದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಹಲವರು ಬಲಿಯಾದುದನ್ನು ಮರೆಯುವಂತಿಲ್ಲ.

ಅದೇ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಬೆಳಕಿಗೆ ಬಂದ ಕಾಯಿಲೆ ಇನ್ನೂ ವಿರಳವಾದುದು. ಸೊಂಟ ಮೊಣಕಾಲುಗಳ ಕೀಲುಗಳು ಕೆಟ್ಟು, ಬಡ ಕೂಲಿಕಾರರು ನಡು ಬಗ್ಗಿಸಿಕೊಂಡು ಕೋಲೂರಿ ನಡೆಯುವಂತಾಯಿತು. ಗದ್ದೆಗೆ ಹಾಕಿದ ಕೀಟನಾಶಕವೇ, ಗದ್ದೆಯ ಏಡಿಯೇ ಕಾರಣವಿರಬಹುದೆಂಬ ಸಂಶಯಗಳು ಮೊದಲು ಎದ್ದುವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು ಪರೀಕ್ಷಿಸಿದರು. ಮುಂದಿನ ಅಧ್ಯಯನಗಳಲ್ಲಿ ಕ್ಷಕಿರಣದ ಚಿತ್ರಗಳನ್ನೂ ವಂಶಾವಳಿಗಳನ್ನೂ ಕೂಡಿಸಿ ನೋಡಿದಾಗ ಇದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿಯುವ ಎಲುಬಿನ ದೋಷವೆಂದು ಖಚಿತವಾಯಿತು. ಕಾರಣ ತಿಳಿದರೂ ಕೀಲು ನೆಟ್ಟಗಾಗಲಿಲ್ಲ. ಕೆಲವೇ ಹಳ್ಳಿಗಳ, ಕೆಲವೇ ನೂರು ಬಡವರ ಈ ನೋವು ಬೆಂಗಳೂರಿನ ವಿಧಾನಸೌಧಕ್ಕೆ ಕೇಳಿಸುವುದೇ ಕಷ್ಟ. ಕೋಲ್ಕತ್ತಕ್ಕೆ ಹೇಗೆ ಕೇಳಿಸೀತು?

ವಲಸೆ ಬಂದವರ ವಿಶೇಷ ಸ್ಥಿತಿ

ಈ ಎರಡೂ ನಾಡುಗಳ ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಮಹಾನಗರದ ಕನ್ನಡಿಗರ ಸ್ಥಿತಿ ಸ್ಪಷ್ಟವಾಗುತ್ತದೆ. ಜನವರಿಯ ರಜೆಯಲ್ಲಿ ತೀರ್ಥಹಳ್ಳಿ ಅಥವಾ ಸಾಗರದ ಕಡೆ ಅಡಕೆ ತೋಟದ ಮನೆಗೆ ಹೋಗಿ ಮಕ್ಕಳೊಡನೆ ಕಾಡು ಸುತ್ತಿದವರು ಎರಡು ದಿನಗಳ ರೈಲು ಪ್ರಯಾಣ ಮಾಡಿ ಹೌರಾದಲ್ಲಿ ಇಳಿಯುತ್ತಾರೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಮಂಗನ ಕಾಯಿಲೆಯ ಜ್ವರ ಏಳುತ್ತದೆ. ಕೋಲ್ಕತ್ತದ ವೈದ್ಯನು ಡೆಂಗೆ, ಮಲೇರಿಯಾ, ಟೈಫಾಯಿಡ್ ಎಂದು ಒಂದೊಂದಾಗಿ ಪರೀಕ್ಷಿಸುತ್ತಾನೆ. ಅದು ಅವನ ತಪ್ಪಲ್ಲ. ಶರಾವತಿ ಕಣಿವೆಯ ಉಣುಗು ಅವನ ಕನಸಿನಲ್ಲಿಯೂ ಬಾರದು. ಹಾಗೆಯೇ ಕೆಲಸದ ಮೇಲೆ ಮಾಲ್ದಾ, ಮುಜಫರ್‌ಪುರಗಳಲ್ಲಿ ವರ್ಷಗಟ್ಟಲೆ ಇದ್ದು ನಿವೃತ್ತನಾಗಿ ಹುಬ್ಬಳ್ಳಿಗೋ ಮೈಸೂರಿಗೋ ಮರಳಿದವನ ಮುಖದ ಮೇಲೆ ಬಿಳಿ ಮಚ್ಚೆ ಎದ್ದರೆ ಅಲ್ಲಿನ ವೈದ್ಯನಿಗೆ ಕಾಲಾ ಆಜಾರಿನ ನೆನಪಾಗುವುದು ದುರ್ಲಭ. ಬಂಗಾಳದಲ್ಲಿ ಹೆಚ್ಚಾಗಿ ಕಾಣುವ ‘ಹಿಮೋಗ್ಲೋಬಿನ್ ಇ’ ಎಂಬ ರಕ್ತದ ಆನುವಂಶಿಕ ವ್ಯತ್ಯಾಸವೂ ಹೀಗೆಯೇ. ಕನ್ನಡ-ಬಂಗಾಳಿ ಮದುವೆಗಳು ನಡೆಯುತ್ತಿರುವ ಈ ದಿನಗಳಲ್ಲಿ ವಧೂವರರ ಜಾತಕದೊಡನೆ ರಕ್ತಪರೀಕ್ಷೆಯ ಕಾಗದವನ್ನೂ ನೋಡುವುದು ವಿವೇಕ.

ರೋಗಿಯು ತಾನು ಎಲ್ಲಿಂದ ಬಂದೆ, ಎಲ್ಲೆಲ್ಲಿ ಇದ್ದೆ, ಇತ್ತೀಚೆಗೆ ಎಲ್ಲಿಗೆ ಹೋಗಿದ್ದೆ ಎಂಬುದನ್ನು ತಾನಾಗಿ ಹೇಳದಿದ್ದರೆ ಎಷ್ಟು ದೊಡ್ಡ ಯಂತ್ರವೂ ಅದನ್ನು ಕಂಡುಹಿಡಿಯಲಾರದು. ಹಿಂದಿನ ಪುಟದ ಬಾಕಿಯನ್ನು ಮುಂದಿನ ಪುಟಕ್ಕೆ ತರದೆ ಯಾವ ಲೆಕ್ಕವೂ ತಾಳೆಯಾಗುವುದಿಲ್ಲ. ದೇಹದ ಲೆಕ್ಕಕ್ಕೂ ಇದೇ ನಿಯಮ.

ವೆಚ್ಚದ ಪ್ರಶ್ನೆ

ಕ್ಷಯ, ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೇ ಹಣ ಸಾಲದಿರುವ ದೇಶದಲ್ಲಿ ಕೆಲವರ ಅಪರೂಪದ ರೋಗಕ್ಕೆ ಬೊಕ್ಕಸ ಬರಿದು ಮಾಡುವುದು ನ್ಯಾಯವೇ ಎಂಬ ಆಕ್ಷೇಪಣೆ ಕೇಳಿಬರುತ್ತದೆ. ಆಕ್ಷೇಪಣೆ ಹುರುಳಿಲ್ಲದ್ದಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವಿರಳ ರೋಗಗಳ ರಾಷ್ಟ್ರೀಯ ನೀತಿಯೇ ಹೇಳುವಂತೆ, ಹತ್ತು ಕಿಲೋ ತೂಕದ ಮಗುವಿನ ಚಿಕಿತ್ಸೆಗೆ ಕೆಲವು ರೋಗಗಳಲ್ಲಿ ವರ್ಷಕ್ಕೆ 10 ಲಕ್ಷದಿಂದ 1 ಕೋಟಿ ರೂಪಾಯಿಗೂ ಮೀರಿ ವೆಚ್ಚವಾಗುತ್ತದೆ, ಅದೂ ಜೀವಮಾನವಿಡೀ. ಈ ನೀತಿಯಂತೆ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುತ್ತದೆ. ಕೋಲ್ಕತ್ತದ ಎಸ್.ಎಸ್.ಕೆ.ಎಂ. ಆಸ್ಪತ್ರೆಯಲ್ಲಿಯೂ ಬೆಂಗಳೂರಿನಲ್ಲಿಯೂ ಇಂಥ ಕೇಂದ್ರಗಳಿವೆ. ರೊನಾಲ್ಡ್ ರಾಸ್ ದುಡಿದ ಆವರಣದಲ್ಲಿಯೇ ಈ ಕೇಂದ್ರವಿರುವುದು ಔಚಿತ್ಯಪೂರ್ಣ. ಆದರೆ ಆಜೀವ ಚಿಕಿತ್ಸೆ ಬೇಕಾದ ಮಗುವಿಗೆ ಆ ಮೊತ್ತ ಕೆಲವೇ ವರ್ಷಗಳಲ್ಲಿ ಕರಗುತ್ತದೆ. ಆಮೇಲೆ ತಂದೆತಾಯಿಗಳು ಯಾರ ಬಾಗಿಲು ತಟ್ಟಬೇಕು?

ಇಲ್ಲಿ ವಿಮೆಯ ತತ್ತ್ವವನ್ನು ಸ್ಮರಿಸಿಕೊಳ್ಳುವುದು ಒಳ್ಳೆಯದು. ಸಾವಿರ ಮನೆಗಳಲ್ಲಿ ಯಾವ ಮನೆಗೆ ಬೆಂಕಿ ತಗಲುವುದೆಂದು ಯಾರೂ ಅರಿಯರು. ಆದ್ದರಿಂದಲೇ ಸಾವಿರ ಮನೆಯವರೂ ಚೂರುಚೂರು ಕೊಟ್ಟು ಒಂದು ಮನೆಯನ್ನು ಮರಳಿ ಕಟ್ಟಿಸುತ್ತಾರೆ. ಕಷ್ಟ ವಿರಳವಾದಷ್ಟೂ ಹಂಚಿಕೊಳ್ಳುವ ಪಾಲು ಹಗುರ. ಒಬ್ಬನಿಗೆ ಹೊರಲಾಗದ ವೆಚ್ಚ ಇಡೀ ದೇಶಕ್ಕೆ ಹೊರಲಾಗದ್ದೇನಲ್ಲ. ಮೇಲಾಗಿ ಜಗತ್ತಿನಲ್ಲಿ ವಿರಳ ರೋಗಗಳ ಬಗೆಗಳು ಸುಮಾರು ಏಳು ಸಾವಿರವೆಂದು ಎಣಿಸಲಾಗಿದೆ. ಒಂದೊಂದೂ ಅಲ್ಪವಾದರೂ ಒಟ್ಟು ಸಂಖ್ಯೆ ಅಲ್ಪವಲ್ಲ.

ಸಂಘಸಂಸ್ಥೆಗಳು ಮಾಡಬಹುದಾದುದು

ಸರ್ಕಾರದ ಕರ್ತವ್ಯವನ್ನು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಕನ್ನಡ ಸಂಘಗಳಂಥ ಸಂಸ್ಥೆಗಳೂ ಕೈಲಾದುದನ್ನು ಮಾಡಬಹುದು. ಪ್ರತಿ ಕುಟುಂಬವೂ ಆರೋಗ್ಯದ ಒಂದು ಖಾತೆ ಪುಸ್ತಕ ಇಟ್ಟು, ಹುಟ್ಟೂರು, ವಾಸಿಸಿದ ಊರುಗಳು, ಬಂದುಹೋದ ಕಾಯಿಲೆಗಳು, ವಂಶದಲ್ಲಿ ಕಂಡ ದೋಷಗಳು, ಆಸ್ಪತ್ರೆಯ ಕಾಗದಗಳು ಇವೆಲ್ಲವನ್ನೂ ಒಂದೆಡೆ ಸೇರಿಸಿಡುವಂತೆ ಪ್ರೋತ್ಸಾಹಿಸಬಹುದು. ಊರಿನಿಂದ ಚಿಕಿತ್ಸೆಗೆ ಬಂದ, ಬಂಗಾಳಿಯೂ ಹಿಂದಿಯೂ ಬಾರದ ಹಿರಿಯರೊಡನೆ ಆಸ್ಪತ್ರೆಗೆ ಹೋಗಿ ಅವರ ಮಾತನ್ನು ವೈದ್ಯರಿಗೆ ತಿಳಿಯಹೇಳುವ ನಾಲ್ಕಾರು ತರುಣರನ್ನು ಸಿದ್ಧಪಡಿಸಬಹುದು. ‘ಒಳಗೊಳಗೆ ಸಂಕಟ’ ಎಂಬ ಮಾತಿನ ಅರ್ಥ ಕನ್ನಡ ಬಲ್ಲವನಿಗಲ್ಲದೆ ಇನ್ನಾರಿಗೆ ತಿಳಿದೀತು? ಮಲೆನಾಡಿಗೆ ಹೊರಡುವವರಿಗೆ, ಮಂಗಗಳು ಸತ್ತ ಕಡೆ ಸುಳಿಯಬಾರದು, ಕಾಡಿಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ ತೊಟ್ಟು ಉಣುಗು ನಿವಾರಕ ತೈಲ ಹಚ್ಚಿಕೊಳ್ಳಬೇಕು, ಮರಳಿದ ಮೇಲೆ ಜ್ವರ ಬಂದರೆ ಹೋದ ಊರಿನ ಹೆಸರನ್ನು ವೈದ್ಯರಿಗೆ ಮೊದಲು ಹೇಳಬೇಕು ಎಂಬ ಸೂಚನೆಗಳನ್ನು ಅಚ್ಚು ಹಾಕಿಸಿ ಹಂಚಬಹುದು.

ಕೊನೆಯದಾಗಿ ಹೇಳಬೇಕಾದುದು ಕಠಿಣವಾದರೂ ಅವಶ್ಯಕ. ಕಾರಣ ತಿಳಿಯದೆ ತೀರಿಕೊಂಡವರ ಶವಪರೀಕ್ಷೆಗೆ ವೈದ್ಯರು ಕೇಳಿದಾಗ ಬಂಧುಗಳು ಬಹುಮಟ್ಟಿಗೆ ಒಪ್ಪುವುದಿಲ್ಲ. ದುಃಖದ ಗಳಿಗೆಯಲ್ಲಿ ಅದು ಸಹಜ. ಆದರೂ ನೆಟ್ಲಿಯ ಆ ಮೇಜನ್ನು ನೆನೆಯಬೇಕು. ಅಲ್ಲಿ ಮಲಗಿದ್ದ ಸೈನಿಕನಿಗೆ ಆ ಪರೀಕ್ಷೆಯಿಂದ ಏನೂ ಆಗಲಿಲ್ಲ; ಫಲ ದೊರೆತದ್ದು ಅವನನ್ನು ಕಂಡೇ ಅರಿಯದ ಬಂಗಾಳ, ಬಿಹಾರ, ಅಸ್ಸಾಮಿನ ರೈತರಿಗೆ ಮತ್ತು ಅವರ ಮಕ್ಕಳಿಗೆ. ವಿರಳ ರೋಗಿಯೊಬ್ಬನ ವಿಷಯದಲ್ಲಿ ಇಂದು ತೋರುವ ಶ್ರದ್ಧೆ ನಾಳೆ ಯಾರನ್ನು ಉಳಿಸುವುದೋ ಯಾರೂ ಅರಿಯರು. ಅರಿಯದ ಕಾರಣದಿಂದಲೇ ಆ ಶ್ರದ್ಧೆಯಲ್ಲಿ ಎಲ್ಲರಿಗೂ ಪಾಲಿದೆ, ಎಲ್ಲರಿಗೂ ಹೊಣೆಯಿದೆ.